ಗಾಡಿ ಏರು ಹತ್ತದಿದ್ದರೆ



ರಾಯದುರ್ಗದಿಂದ ಮೊಳಕಾಲ್ಮೂರಿಗೋ ಬಳ್ಳಾರಿಗೋ ಹೋಗುವ ರಸ್ತೆಯಲ್ಲಿ, ಇಲ್ಲವೆ ಮಡಕಶಿರಾದಿಂದ ಶಿರಾಕ್ಕೋ ಪಾವಗಡಕ್ಕೋ ಹೋಗುವ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಶೇಂಗಾ, ಹುಣಸೆಹಣ್ಣು, ಜಲ್ಲಿ, ಇಟ್ಟಿಗೆ ಹೇರಿಕೊಂಡ ಹಳೆಯ ಲಾರಿಗಳು ಇನ್ನೂ ಓಡಾಡುತ್ತಿವೆ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಒಂದೇ ಗಾಡಿಯನ್ನು ನಂಬಿ ಬದುಕುವ ಮಾಲೀಕನ ಕಷ್ಟ ಎರಡೂ ಕಡೆ ಒಂದೇ. ಆ ಕಷ್ಟಗಳಲ್ಲಿ ದೊಡ್ಡದು, ಗಾಡಿ ಇದ್ದಕ್ಕಿದ್ದಂತೆ ಲೋಡು ಎಳೆಯದಿರುವುದು. ಇಂದು ಅದರ ಬಗ್ಗೆ ನಾಲ್ಕು ಮಾತು.

ನಾನು ಹೇಳುವುದು ಯಂತ್ರದ ಪಂಪು ಇರುವ ಹಳೆಯ ಡೀಸೆಲ್ ಗಾಡಿಗಳ ವಿಷಯ. 1927ರಲ್ಲಿ ಜರ್ಮನಿಯ ಬಾಷ್ ಕಂಪನಿ ಇಂಥ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ನಮ್ಮಲ್ಲಿ 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೊ ಕಂಪನಿ ಇವನ್ನು ಮನೆಮಾತಾಗಿಸಿತು. ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಗ್ಯಾರೇಜುಗಳಲ್ಲಿ ಅದು ಇವತ್ತಿಗೂ ಮೈಕೊ ಪಂಪೇ.

ಗಾಡಿ ಎಳೆಯುತ್ತಿಲ್ಲ ಎಂದರೆ ಸಾಕು, ಮೊದಲು ಕೈ ಹೋಗುವುದು ಈ ಪಂಪಿನ ಮೇಲೆ. ಅದು ತಪ್ಪು. ಪಂಪಿನ ಒಳಗಿನ ಪ್ಲಂಜರಿಗೂ ಅದರ ಬ್ಯಾರೆಲ್ಲಿಗೂ ನಡುವಿನ ಸಂದು ಎಷ್ಟು ಗೊತ್ತೆ? ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಮೂರು ಭಾಗ. ಅದನ್ನು ಬಿಚ್ಚುವುದು ರಸ್ತೆ ಬದಿಯ ಕೆಲಸವಲ್ಲ, ಟೆಸ್ಟ್ ಬೆಂಚ್ ಇರುವಲ್ಲಿ ಮಾತ್ರ ಆಗಬೇಕಾದ್ದು. ಖರ್ಚೂ ಹೆಚ್ಚು. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ. ಪಂಪು ಕೊನೆಗಿರಲಿ.

ಮೊದಲು, ದೋಷ ಇಂಜಿನ್ನಿನದೇ ಹೌದೇ ನೋಡಿ. ಇಂಜಿನ್ ಕೂಗು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ ಎಂದಾದರೆ ಕ್ಲಚ್ ಜಾರುತ್ತಿದೆ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕುಲುಮೆಯಂತೆ ಕಾಯ್ದಿದ್ದರೆ ಬ್ರೇಕು ಹಿಡಿದುಕೊಂಡಿದೆ. ಆಮೇಲೆ ಇಂಜಿನ್ ಆಫ್ ಮಾಡಿ, ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ತುಳಿಯಲಿ, ಇನ್ನೊಬ್ಬರು ಪಂಪಿನ ಲಿವರ್ ನೋಡಲಿ. ಲಿವರ್ ಕೊನೆಯವರೆಗೆ ಹೋಗದಿದ್ದರೆ ನಡುವಿನ ರಾಡೋ ಕೇಬಲ್ಲೋ ಸವೆದಿದೆ. ಎಕ್ಸಾಸ್ಟ್ ಬ್ರೇಕ್ ಇರುವ ಗಾಡಿಯಾದರೆ ಅದರ ಕವಾಟ ಅರ್ಧ ಮುಚ್ಚಿಕೊಂಡು ಸಿಕ್ಕಿಬಿದ್ದಿದೆಯೇ ಎಂದೂ ನೋಡಬೇಕು. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯದು ಹೊಗೆ. ಮನೆಯಲ್ಲಿ ನಾವು ಹೊಗೆ ಅನ್ನುತ್ತೇವೆ, ಪೇಟೆಯಲ್ಲಿ ಪೊಗ ಅನ್ನುತ್ತೇವೆ. ಯಾವ ಮಾತಿನಲ್ಲಾದರೂ ಹೇಳಿ, ಬಣ್ಣ ಹೇಳುವುದನ್ನು ಮರೆಯಬೇಡಿ. ಏರಿನಲ್ಲಿ ಕಪ್ಪು ಹೊಗೆ ಕಾರಿದರೆ ಡೀಸೆಲ್ ಬರುತ್ತಿದೆ, ಅದನ್ನು ಸುಡಲು ಗಾಳಿ ಸಾಲುತ್ತಿಲ್ಲ. ಇಲ್ಲವೆ ನಾಝಲ್ ಸರಿಯಾಗಿ ಸಿಂಪಡಿಸದೆ ತೊಟ್ಟಿಕ್ಕುತ್ತಿದೆ. ಶಕ್ತಿಯೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಬಹುಮಟ್ಟಿಗೆ ಡೀಸೆಲ್ಲೇ ಸಾಕಷ್ಟು ಬರುತ್ತಿಲ್ಲ. ನೀಲಿ ಹೊಗೆ ಇಂಜಿನ್ ಆಯಿಲ್ ಸುಡುತ್ತಿರುವ ಗುರುತು. ಬಿಳಿ ಹೊಗೆ ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದರೆ ಚಿಂತೆಯಿಲ್ಲ. ಇಂಜಿನ್ ಕಾದ ಮೇಲೂ ಬರುತ್ತಿದ್ದರೆ ಟೈಮಿಂಗ್ ತಪ್ಪಿರಬಹುದು, ಕಂಪ್ರೆಷನ್ ಇಳಿದಿರಬಹುದು. ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಿ.

ಕಪ್ಪು ಹೊಗೆ ಎಂದರೆ ಮೊದಲು ಏರ್ ಕ್ಲೀನರ್ ತೆರೆಯಿರಿ. ರಾಯದುರ್ಗದ ಕಡೆಯವರಿಗೆ ಇದನ್ನು ಒತ್ತಿ ಹೇಳಬೇಕು. ಹಗರಿ ಹೊಳೆಯ ದಂಡೆಯಲ್ಲಿ, ಕಣೇಕಲ್ಲು, ದರ್ಗಾ ಹೊನ್ನೂರಿನ ಆಸುಪಾಸಿನಲ್ಲಿ ಮರಳು ಗಾಳಿಗೆ ಎದ್ದು ಹೊಲಗಳಲ್ಲಿ ದಿಬ್ಬವಾಗಿ ನಿಂತಿರುವುದನ್ನು ನೀವೇ ಕಂಡಿದ್ದೀರಿ. ಆಷಾಢದ ಗಾಳಿಗೆ ಹೊಲ ಬಿಟ್ಟು ಬರುವ ಆ ಮರಳು ಇಂಜಿನ್ನನ್ನು ಬಿಡುತ್ತದೆಯೆ? ಆಯಿಲ್ ಬಾತ್ ಇರುವ ಕ್ಲೀನರಿನಲ್ಲಿ ಆಯಿಲ್ ಗುರುತಿನ ಮಟ್ಟಕ್ಕಿರಬೇಕು. ಕೆಸರಿನಂತೆ ಗಟ್ಟಿಯಾಗಿದ್ದರೆ ತೊಳೆದು ಹೊಸದು ಹಾಕಬೇಕು. ಕಾಗದದ ಫಿಲ್ಟರಾದರೆ ಒಳಗಿನಿಂದ ಹೊರಗೆ ಮೆಲ್ಲಗೆ ಗಾಳಿ ಊದಬೇಕು, ಹೊರಗಿನಿಂದ ಊದಿದರೆ ಧೂಳು ಇನ್ನೂ ಒಳಗೆ ಕೂರುತ್ತದೆ. ಟರ್ಬೊ ಗಾಡಿಯಲ್ಲಿ ಟರ್ಬೊದಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಬಿರುಕು ಬಿಟ್ಟಿದೆಯೇ, ಕ್ಲಿಪ್ ಸಡಿಲವಾಗಿದೆಯೇ ನೋಡಿ. ಏರಿನಲ್ಲಿ ಸುಯ್ಯೆಂಬ ಶಬ್ದ ಕೇಳಿದರೆ ಅಲ್ಲಿ ಗಾಳಿ ಸೋರುತ್ತಿದೆ.

ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲಿನ ದಾರಿ ಹಿಡಿಯಿರಿ. ಟ್ಯಾಂಕು, ಅದರಿಂದ ಬರುವ ಪೈಪು, ಫೀಡ್ ಪಂಪು ಮತ್ತು ಅದರ ಜಾಲರಿ, ಫಿಲ್ಟರುಗಳು, ಆಮೇಲೆ ದೊಡ್ಡ ಪಂಪು. ಈ ಕ್ರಮ ತಪ್ಪಬೇಡಿ. ಇಲ್ಲಿ ನಾನು ಕಂಡ ಒಂದು ಗಾಡಿಯ ಕಥೆ ಹೇಳಲೇಬೇಕು.

ಮಡಕಶಿರಾ ಕಡೆಯ ಒಂದು ಹಳೆಯ ಲಾರಿ. ಪೆನುಕೊಂಡದ ಏರಿನಲ್ಲಿ ಲೋಡಿನ ಸಮೇತ ನಿಂತುಬಿಡುತ್ತಿತ್ತು. ಗ್ಯಾರೇಜಿನಲ್ಲಿ ಪಂಪು ಇಳಿಸಿದರು, ಪೇಟೆಗೆ ಕಳಿಸಿದರು, ಕ್ಯಾಲಿಬ್ರೇಷನ್ ಮಾಡಿಸಿದರು. ಎರಡು ಕಂತಿನ ಹಣ ಅಲ್ಲಿಗೇ ಹೋಯಿತು. ಗಾಡಿ ಮತ್ತೆ ಅದೇ ಏರಿನಲ್ಲಿ ನಿಂತಿತು. ಮೂರನೆಯ ಸಲ ವಯಸ್ಸಾದ ಒಬ್ಬ ಮೇಸ್ತ್ರಿ ಡ್ರೈವರನ್ನು ಕೂರಿಸಿಕೊಂಡು, "ಏನಾಗುತ್ತದೆ, ಮೊದಲಿನಿಂದ ಹೇಳಪ್ಪ" ಎಂದು ಕೇಳಿದ. ಡ್ರೈವರ್ ಹೇಳಿದ: "ಹತ್ತು ಮೈಲಿ ಚೆನ್ನಾಗೇ ಹೋಗ್ತದಣ್ಣ, ಆಮೇಲೆ ಉಸಿರು ಕಟ್ಟಿದಂಗೆ ಆಗ್ತದೆ. ಆಫ್ ಮಾಡಿ ಬೀಡಿ ಸೇದಿ ಬಂದರೆ ಮತ್ತೆ ಎಳೀತದೆ." ಮೇಸ್ತ್ರಿ ಎದ್ದು ಡೀಸೆಲ್ ಟ್ಯಾಂಕಿನ ಮುಚ್ಚಳ ನೋಡಿದ. ಮುಚ್ಚಳ ಕಳೆದು ಎಷ್ಟೋ ದಿನವಾಗಿತ್ತು, ಬಾಯಿಗೆ ಹಳೆಯ ಬಟ್ಟೆ ತುರುಕಿದ್ದರು. ಅದರ ಒಂದು ಚೂರು ಒಳಗೆ ಬಿದ್ದು ತೇಲುತ್ತಿತ್ತು. ಇಂಜಿನ್ ಎಳೆದಾಗ ಅದು ಪೈಪಿನ ಬಾಯಿಗೆ ಅಂಟಿಕೊಳ್ಳುತ್ತಿತ್ತು, ಆಫ್ ಮಾಡಿದಾಗ ಕಳಚಿ ಬೀಳುತ್ತಿತ್ತು. ಟ್ಯಾಂಕು ತೊಳೆದು ಹೊಸ ಮುಚ್ಚಳ ಹಾಕಿದರು. ರೋಗ ಹೋಯಿತು.

ಆ ಡ್ರೈವರ್ ಈ ಮಾತನ್ನು ಮೊದಲ ದಿನವೇ ಕನ್ನಡದಲ್ಲಿ ಹೇಳಿದ್ದನಂತೆ. ಗ್ಯಾರೇಜಿನಲ್ಲಿ ಅದು ತೆಲುಗಿಗೆ ಬರುವಾಗ ಉಳಿದದ್ದು "ಬಂಡಿ ಲಾಗಡಂ ಲೇದು" ಎಂಬಷ್ಟೇ. ಗಾಡಿ ಎಳೆಯುತ್ತಿಲ್ಲ ಎಂಬುದು ರೋಗದ ಹೆಸರು ಮಾತ್ರ. ನಿಂತು ಹೊರಟರೆ ಎಳೆಯುತ್ತದೆ ಎಂಬ ಮಾತಿನಲ್ಲಿ ಮದ್ದೇ ಇತ್ತು. ಅದು ದಾರಿಯಲ್ಲೇ ಬಿದ್ದುಹೋಯಿತು.

ಮುಚ್ಚಳ ಇದ್ದರೂ ಅದರ ಗಾಳಿ ತೂತು ಕಟ್ಟಿದರೆ ಇಂಥದೇ ತೊಂದರೆ. ಗಾಡಿ ಸೋತಾಗ ಮುಚ್ಚಳ ಸಡಿಲಿಸಿ. ಬುಸ್ಸೆಂದು ಗಾಳಿ ಒಳಗೆ ಎಳೆದುಕೊಂಡು ಗಾಡಿ ಸರಿಯಾದರೆ ಕಾರಣ ಸಿಕ್ಕಿತು. ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿ. ಡೀಸೆಲ್ಲಿನಲ್ಲಿ ಗುಳ್ಳೆ ಕಂಡರೆ ಎಲ್ಲೋ ಗಾಳಿ ಸೇರುತ್ತಿದೆ: ಪೈಪಿನ ಜೋಡಣೆ, ವಾಷರ್ ಬಿಗಿಮಾಡಿ, ಕೈಪಂಪು ಒತ್ತಿ ಗುಳ್ಳೆ ನಿಲ್ಲುವವರೆಗೆ ಏರ್ ಲಾಕ್ ತೆಗೆಯಿರಿ.

ಗಾಳಿ, ಡೀಸೆಲ್ ಎರಡೂ ಸರಿಯಿದ್ದು ಇಂಜಿನ್ ತಡವರಿಸಿ ಓಡಿದರೆ ನಾಝಲ್ ಪರೀಕ್ಷೆ. ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಮೇಸ್ತ್ರಿ ಒಂದೊಂದೇ ಪೈಪಿನ ನಟ್ಟನ್ನು ಸಡಿಲಿಸುತ್ತಾರೆ. ಸಡಿಲಿಸಿದಾಗ ಶಬ್ದ ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಒಂದು ಎಚ್ಚರಿಕೆ. ಲಾರಿ ಟೈರಿನ ಗಾಳಿ ಸುಮಾರು ಏಳೆಂಟು ಬಾರ್. ನಾಝಲ್ ಬಾಯಿ ತೆರೆಯುವ ಒತ್ತಡ ಸುಮಾರು 200 ಬಾರ್ ಮತ್ತು ಅದಕ್ಕೂ ಹೆಚ್ಚು. ಆ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಬೆರಳೇ ಹೋಗಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಂಪ್ಯೂಟರ್ ಹಿಡಿತದ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಅವುಗಳ ನಟ್ಟಿಗೆ ಕೈ ಹಾಕಲೇಬೇಡಿ.

ಕೊನೆಗೆ ಕಂಪ್ರೆಷನ್. ಓಡುವ ಇಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಭುಸುಭುಸು ಬಂದು, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದರೆ ರಿಂಗು, ಲೈನರ್ ಸವೆದಿವೆ. ಅಂಥ ಇಂಜಿನ್ನಿಗೆ "ಪಂಪಿನ ಸೀಲು ಕಿತ್ತು ಡೀಸೆಲ್ ಜಾಸ್ತಿ ಮಾಡಿಕೊಡುತ್ತೇನೆ" ಎನ್ನುವವರಿದ್ದಾರೆ. ಒಪ್ಪಬೇಡಿ. ನಾಲ್ಕು ದಿನ ಎಳೆದೀತು. ಹೊಗೆ ಕಪ್ಪಾಗುತ್ತದೆ, ಶಾಖ ಏರುತ್ತದೆ, ಪಿಸ್ಟನ್ ಕರಗಿ ಉಳಿದದ್ದೂ ಹೋಗುತ್ತದೆ.

ಬಂಧುಗಳೇ, ಗ್ಯಾರೇಜಿಗೆ ಹೋಗುವ ಮುಂಚೆ ಐದು ಮಾತು ಮನಸ್ಸಿನಲ್ಲಿ ಜೋಡಿಸಿಕೊಳ್ಳಿ: ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಏನು ರಿಪೇರಿಯಾಗಿತ್ತು, ಏರಿನಲ್ಲೋ ಸಮದಲ್ಲೋ, ಹೊಗೆ ಯಾವ ಬಣ್ಣ, ನಿಂತು ಹೊರಟರೆ ಏನಾಗುತ್ತದೆ. ಕನ್ನಡದಲ್ಲಿ ಹೇಳಿ, ತೆಲುಗಿನಲ್ಲೂ ಹೇಳಿ. ಎರಡೂ ಬಲ್ಲ ನಮಗೆ ಅದೇನು ಕಷ್ಟವಲ್ಲ. ಮೇಸ್ತ್ರಿ ಅವಸರ ಮಾಡಿದರೂ ಪೂರ್ತಿ ಹೇಳಿಯೇ ಬಾನೆಟ್ ಎತ್ತಿಸಿ. ದಿನವೆಲ್ಲ ಆ ಇಂಜಿನ್ನಿನ ಪಕ್ಕ ಕೂತವರು ನೀವು. ಅದರ ಉಸಿರು ನಿಮಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ.