ಮೊಲ ಕೊಳ್ಳುವ ಮೊದಲು



ಅಂಗೋರಾ ಮೊಲದ ಉಣ್ಣೆ ಮಾರಿ ಹಣ ಮಾಡಬಹುದೆಂದು ಯಾರಾದರೂ ಹೇಳಿದರೆ ನಮಗೆ ಆಸೆಯಾಗುವುದು ಸಹಜ. ಆದರೆ ಕೂಲಿಯಲ್ಲಿ ಉಳಿಸಿದ ಹಣವನ್ನು ಪಂಜರಕ್ಕೆ ಹಾಕುವ ಮೊದಲು ಯೋಚಿಸೋಣ.

ಅಂಗೋರಾ ತಂಪು ನಾಡಿನ ಪ್ರಾಣಿ. ಹಿಮಾಚಲದ ಕುಲ್ಲು ಕಣಿವೆಯಂಥ ಕಡೆ ಅದನ್ನು ಸಾಕಿ, ಸುಮಾರು ಮೂರು ತಿಂಗಳಿಗೊಮ್ಮೆ ಉಣ್ಣೆ ಕತ್ತರಿಸುತ್ತಾರೆ. ಮೊಲ ನಮ್ಮಂತೆ ಬೆವರುವುದಿಲ್ಲ. ಮೈಯ ಕಾವನ್ನು ಹೆಚ್ಚಾಗಿ ಕಿವಿಗಳಿಂದಲೇ ಹೊರಹಾಕುತ್ತದೆ. ಗೋವೆಯಲ್ಲಿ ಮೇ ತಿಂಗಳ ಸೆಖೆ 33 ಡಿಗ್ರಿ ಮುಟ್ಟುತ್ತದೆ. ತಗಡಿನ ಮಾಡಿನ ಕೆಳಗೆ, ಅಷ್ಟು ದಪ್ಪ ಉಣ್ಣೆ ಹೊತ್ತ ಜೀವ ಬದುಕೀತೇ? ಮೊಲ ಸತ್ತರೆ ಸಾಲ ಮಾತ್ರ ನಮ್ಮ ಬಳಿ ಉಳಿಯುತ್ತದೆ.

ಹಾಗೆಂದು ಉಣ್ಣೆಯ ಕೆಲಸವನ್ನೇ ಬಿಡಬೇಕಿಲ್ಲ. ನಮ್ಮೂರ ಕಡೆ ಕುರುಬರ ಮನೆಯ ಹೆಂಗಸರು ಕುರಿಯ ಉಣ್ಣೆ ನೂಲುವುದನ್ನು, ಅದೇ ನೂಲು ಕಂಬಳಿಯಾಗುವುದನ್ನು ನಾವು ಕಂಡಿದ್ದೇವೆ. ಊರಿಗೆ ಹೋದಾಗ ಸ್ವಲ್ಪ ಬಿಳಿ ಉಣ್ಣೆ ತರೋಣ. ತೊಳೆದ 100 ಗ್ರಾಂ ಉಣ್ಣೆಯನ್ನು 10 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಒಂದು ತಾಸು ಸಣ್ಣ ಉರಿಯಲ್ಲಿಡೋಣ. ಬಳಿಕ ಉಳ್ಳಾಗಡ್ಡಿ ಸಿಪ್ಪೆ ಕುದಿಸಿ ಸೋಸಿದ ನೀರಿನಲ್ಲಿ ಹಾಗೆಯೇ ಕಾಯಿಸಿದರೆ ಹೊಂಬಣ್ಣ ಹಿಡಿಯುತ್ತದೆ. ಕೊತಕೊತ ಕುದಿಸಬಾರದು, ತಿರುವಬಾರದು, ಪಾತ್ರೆಯಲ್ಲೇ ಆರಲಿ. ಇಲ್ಲವಾದರೆ ಉಣ್ಣೆ ಗಂಟುಕಟ್ಟುತ್ತದೆ.

ಮೊದಲು ಕೈ ಪಳಗಲಿ. ನೂಲಿಗೆ ಗಿರಾಕಿ ಸಿಕ್ಕರೆ ಅಂಗೋರಾ ಉಣ್ಣೆಯನ್ನೇ ತರಿಸಿ ನೂಲಬಹುದು. ಮೊಲ ತನ್ನ ತಂಪಿನಲ್ಲೇ ಇರಲಿ. ಮುಂಗಡ ಕೇಳುವವರನ್ನು ನಾವು ಒಟ್ಟಾಗಿ ಕೇಳೋಣ: "ಈ ಸೆಖೆಯಲ್ಲಿ ಬದುಕಿದ ಮೊಲ ಎಲ್ಲಿದೆ? ಮೊದಲು ತೋರಿಸಿ."