‘ಸುಳ್ಳು’ ಎಂದಷ್ಟೇ ಹೇಳಿ ಬರಬೇಡಿ



ನಿಮ್ಮ ಪತ್ರಗಳಲ್ಲಿ ಒಂದು ಕಳವಳ ಮತ್ತೆ ಮತ್ತೆ ಕಾಣಿಸುತ್ತಿದೆ. ‘ಚಾರ್ಜ್‌ಶೀಟ್ ಆಯಿತು, ಜಾಮೀನೂ ಸಿಕ್ಕಿತು. ಇನ್ನು ಸೆಷನ್ಸ್ ಕೋರ್ಟಿನಲ್ಲಿ ಟ್ರಯಲ್ ಅಂತೆ. ವಕೀಲರನ್ನು ಇಟ್ಟಿದ್ದೇವೆ. ನಾವು ಮಾಡುವುದು ಏನಾದರೂ ಉಂಟೇ?’ ಉಂಟು. ಬಹಳ ಉಂಟು.

ಮೊದಲು ಒಂದು ಭ್ರಮೆ ಬಿಡಬೇಕು. ಕಟಕಟೆಯಲ್ಲಿ ಕಣ್ಣೀರು ಹಾಕಿದರೆ, ಊರಿನ ಹಿರಿಯರು ನಾಲ್ಕು ಜನ ಬಂದು ಹಿಂದಿನ ಬೆಂಚಿನಲ್ಲಿ ಕೂತರೆ ನ್ಯಾಯಾಧೀಶರ ಮನಸ್ಸು ಕರಗುತ್ತದೆ ಎಂದು ಈಗಲೂ ನಂಬುವವರಿದ್ದಾರೆ. ಸಾಮಾನ್ಯ ಜನರೇ ಜ್ಯೂರಿಯಾಗಿ ಕೂತು ತೀರ್ಪು ಹೇಳುತ್ತಿದ್ದ ಕಾಲದ ಮಾತು ಬೇರೆ. 1959ರಲ್ಲಿ ಮುಂಬೈಯಲ್ಲಿ ಕೊಲೆ ಆರೋಪ ಹೊತ್ತಿದ್ದ ನೌಕಾಪಡೆಯ ಅಧಿಕಾರಿ ನಾನಾವತಿಯನ್ನು ಒಂಬತ್ತು ಜ್ಯೂರಿಗಳಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ಹೈಕೋರ್ಟ್ ಅದನ್ನು ಒಪ್ಪದೆ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಇವತ್ತು ತೀರ್ಪು ಬರೆಯುವವರು ಒಬ್ಬ ನ್ಯಾಯಾಧೀಶರು, ಅವರ ಮುಂದಿರುವುದು ಕಡತ. ಸಾಕ್ಷಿಗಳ ಮಾತು ಕೇಳಿದ ನ್ಯಾಯಾಧೀಶರಿಗೆ ನಡುವೆ ವರ್ಗವಾಗಬಹುದು. ಆಮೇಲೆ ಬಂದವರು ಅದೇ ಬರಹದ ಮೇಲೆ ಮುಂದುವರಿಯಬಹುದು, ಕಾನೂನು ಅದಕ್ಕೆ ಒಪ್ಪುತ್ತದೆ. ನಿಮ್ಮ ಕಣ್ಣೀರನ್ನು ಅವರು ನೋಡಿಯೇ ಇರುವುದಿಲ್ಲ. ಕಡತದಲ್ಲಿ ಏನಿದೆಯೋ ಅದೇ ನೀವು.

ಹಾಗಾದರೆ ನಿಮ್ಮ ಮಾತು ಕಡತಕ್ಕೆ ಸೇರುವುದು ಯಾವಾಗ? ಪ್ರಾಸಿಕ್ಯೂಷನ್ ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನೆ ಕೇಳುತ್ತಾರೆ. ಹಳೆಯ ಸಂಹಿತೆಯಲ್ಲಿ ಇದು 313ನೇ ಕಲಮು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 351. ಕೋರ್ಟಿನಲ್ಲಿ ಬಹುತೇಕರು ಇನ್ನೂ ‘ತ್ರೀ ಥರ್ಟೀನ್’ ಅಂತಲೇ ಅನ್ನುತ್ತಾರೆ. ‘ನಿಮ್ಮ ಮನೆಯಿಂದ ಈ ವಸ್ತು ವಶಪಡಿಸಿಕೊಂಡೆವು ಎಂದು ಸಾಕ್ಷಿ ಹೇಳಿದ್ದಾರೆ, ಏನು ಹೇಳುತ್ತೀರಿ?’ ಎಂದು ಒಂದೊಂದಾಗಿ ಕೇಳುತ್ತಾರೆ. ನಮ್ಮ ಜನ ಒಂದೇ ಉತ್ತರ ಕಲಿತು ಬಂದಿರುತ್ತಾರೆ: ‘ಸುಳ್ಳು.’ ಎರಡನೆಯದಕ್ಕೂ ಸುಳ್ಳು, ಇಪ್ಪತ್ತನೆಯದಕ್ಕೂ ಸುಳ್ಳು. ಕೊನೆಗೆ ‘ಬೇರೆ ಏನಾದರೂ ಹೇಳುವುದಿದೆಯೇ?’ ಎಂದರೆ ‘ಇಲ್ಲ ಸ್ವಾಮಿ.’ ರುಜು ಹಾಕಿ ಹೊರಗೆ ಬರುತ್ತಾರೆ.

ನಾನು ವಕೀಲಿಗೆ ಬಂದ ಹೊಸತರಲ್ಲಿ ಹೊಡೆದಾಟದ ಕೇಸೊಂದನ್ನು ಹತ್ತಿರದಿಂದ ನೋಡಿದೆ. ಆರೋಪಿಯ ಅಂಗಿಯ ಮೇಲೆ ರಕ್ತ ಇತ್ತು. ಆತ ಎಲ್ಲದಕ್ಕೂ ಸುಳ್ಳು ಎಂದ, ಅಂಗಿಯೇ ತನ್ನದಲ್ಲ ಎಂದ. ಶಿಕ್ಷೆಯಾದ ಮೇಲೆ ಕೋರ್ಟಿನ ವರಾಂಡದಲ್ಲಿ ಕೂತು ಅಳುತ್ತಾ ಹೇಳಿದ: ‘ಅಂಗಿ ನಂದೇ. ಕುಡುಗೋಲು ಜಾರಿ ಕೈ ಕೊಯ್ದಿತ್ತು, ಸರ್ಕಾರಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿದ್ದೆ.’ ಅವನಿಗೆ ಹೊಲಿಗೆ ಹಾಕಿದ್ದಕ್ಕೆ ಆಸ್ಪತ್ರೆಯಲ್ಲಿ ದಾಖಲೆ ಇತ್ತು. ಅದನ್ನು ತರಿಸಿ ಎಂದು ಯಾರೂ ಕೇಳಿರಲಿಲ್ಲ, ಏಕೆಂದರೆ ಆತ ತನ್ನ ವಕೀಲರಿಗೂ ಹೇಳಿರಲಿಲ್ಲ.

ಆದ್ದರಿಂದ ಹೇಳುತ್ತೇನೆ. ಆ ಪ್ರಶ್ನೆಗಳು ನಿಮ್ಮನ್ನು ಸಿಕ್ಕಿಸುವುದಕ್ಕೆ ಇರುವ ಬಲೆಯಲ್ಲ, ನಿಮ್ಮ ವಿವರಣೆಗೆ ಕಾನೂನು ಕೊಟ್ಟಿರುವ ಅವಕಾಶ. ಅಲ್ಲಿ ಪ್ರಮಾಣ ಮಾಡಿಸುವುದಿಲ್ಲ. ಉತ್ತರ ಕೊಡದಿದ್ದರೆ ಅದಕ್ಕಾಗಿ ಶಿಕ್ಷೆ ಇಲ್ಲ. ಕೋರ್ಟು ಒಪ್ಪಿದರೆ ಬಾಯಿಮಾತಿನ ಬದಲು ಲಿಖಿತ ಹೇಳಿಕೆ ಕೊಡಬಹುದು. ಕೋರ್ಟು ಬರೆದುಕೊಂಡದ್ದನ್ನು ಓದಿ ಹೇಳಿದಾಗ, ವಿವರಿಸುವ, ಸೇರಿಸುವ ಹಕ್ಕೂ ಇದೆ. ಸುಳ್ಳಾದದ್ದನ್ನು ಸುಳ್ಳು ಎನ್ನಿ. ನಿಜವಿದ್ದು ಅದಕ್ಕೆ ಕಾರಣವಿದ್ದರೆ ಕಾರಣ ಹೇಳಿ. ಕಟ್ಟುಕತೆ ಮಾತ್ರ ಬೇಡ. ಉಳಿದ ಸಾಕ್ಷ್ಯ ಗಟ್ಟಿಯಿದ್ದರೆ ಆ ಕಟ್ಟುಕತೆಯೇ ನಿಮ್ಮ ವಿರುದ್ಧದ ಇನ್ನೊಂದು ಕೊಂಡಿಯಾಗುತ್ತದೆ.

ವಿವರಣೆ ಆ ದಿನ ಮಾತ್ರ ಮೊದಲ ಸಲ ಬಾಯಿಂದ ಬಂದರೂ ಸಾಲದು. ‘ಇದು ಆಮೇಲೆ ಹೊಳೆದದ್ದು’ ಎಂದು ಸರ್ಕಾರಿ ವಕೀಲರು ತಳ್ಳಿಹಾಕುತ್ತಾರೆ. ಮಹಜರು ಸಾಕ್ಷಿಯನ್ನು ಪಾಟೀಸವಾಲು ಮಾಡುವಾಗಲೇ ‘ಇವರ ಕೈಗೆ ಅವತ್ತು ಗಾಯವಾಗಿತ್ತು ಅಲ್ಲವೇ?’ ಎಂದು ನಿಮ್ಮ ವಕೀಲರು ಕೇಳಿರಬೇಕು. ಅವರು ಕೇಳಬೇಕಾದರೆ ಅವರಿಗೆ ಗೊತ್ತಿರಬೇಕು. ಅವರಿಗೆ ಗೊತ್ತಾಗಬೇಕಾದರೆ ನೀವು ಮುಚ್ಚಿಡದೆ ಹೇಳಬೇಕು, ನಾಚಿಕೆಯಾಗುವ ಸಂಗತಿಯನ್ನೂ ಸೇರಿಸಿ. ವಕೀಲರ ಮುಂದೆ ನೀವು ಹೇಳಿದ್ದನ್ನು ಅವರು ಗುಟ್ಟಾಗಿ ಇಡಬೇಕು, ಕಾನೂನು ಹಾಗೆ ವಿಧಿಸಿದೆ.

ಇನ್ನು ಉಳಿದದ್ದು. ಚಾರ್ಜ್‌ಶೀಟಿನ ಪ್ರತಿ, ಸಾಕ್ಷಿಗಳ ಹೇಳಿಕೆ, ಮಹಜರು, ಎಲ್ಲ ನಿಮಗೆ ಉಚಿತವಾಗಿ ಸಿಗಬೇಕು. ಅದನ್ನು ಟ್ರಂಕಿನಲ್ಲಿ ಇಡಬೇಡಿ, ಓದಿ. ಓದು ಬಾರದಿದ್ದರೆ ಮಕ್ಕಳಿಂದ ಓದಿಸಿ. ಯಾವ ಗಂಟೆ, ಯಾವ ದಾರಿ, ಯಾರು ಎಲ್ಲಿ ನಿಂತಿದ್ದರು, ಯಾವ ಮಾತು ಸರಿಹೊಂದುವುದಿಲ್ಲ ಎಂದು ವಕೀಲರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಬಸ್ ಟಿಕೆಟ್, ಆಸ್ಪತ್ರೆ ಚೀಟಿ, ಫೋನಿನಲ್ಲಿರುವ ಚಿತ್ರ ಹಾಗೇ ಇರಲಿ, ಆ ಫೋನನ್ನು ಮಾರಬೇಡಿ. ಅಂಗಡಿಯ ಕ್ಯಾಮೆರಾ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ, ಬೇಗ ಕೇಳಿ. ಅದನ್ನು ಸಾಕ್ಷ್ಯವಾಗಿ ಕೊಡಲು ಪ್ರಮಾಣಪತ್ರವೂ ಬೇಕಾಗುತ್ತದೆ ಎಂದು ವಕೀಲರಿಗೆ ನೆನಪಿಸಿ.

ಸಾಕ್ಷಿಗಳ ಮನೆಗೆ ಮಾತ್ರ ಹೋಗಬೇಡಿ. ‘ಸುಮ್ಮನೆ ಮಾತಾಡಿಸಿ ಬಂದೆ’ ಎನ್ನುವವರ ಜಾಮೀನು ರದ್ದಾದದ್ದು ನೋಡಿದ್ದೇನೆ. ವಾಯಿದೆ ತಪ್ಪಿಸಿದರೆ ಜಾಮೀನುರಹಿತ ವಾರಂಟು ಹೊರಡಬಹುದು. ಜ್ವರ ಬಂದರೆ ವಕೀಲರಿಗೆ ಬೆಳಿಗ್ಗೆಯೇ ತಿಳಿಸಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಬರೆದವರಿಗೆ ಕೊನೆಯ ಮಾತು. ಬಂಧನದಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಸಾಕ್ಷಿ ವಿಚಾರಣೆ ಶುರುವಾಗುವ ಮೊದಲೇ ಮಾಡಿ.