ಮಾರಾಟಕ್ಕೆ ಬಂದ ಹಳೆಯ ಮನೆ
(ನಮ್ಮ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಹೇಳಹೊರಟಿರುವುದು ಕಾವ್ಯದ ವಿಚಾರವೂ ಅಲ್ಲ, ವೇದಾಂತವೂ ಅಲ್ಲ. ಮನೆ ಮಾರುವ ವಿಚಾರ. ಹೊಟ್ಟೆಪಾಡಿಗಾಗಿ ಹೊರನಾಡಿಗೆ ಬಂದ ನಮ್ಮಲ್ಲಿ ಬಹುಮಂದಿಗೆ ಊರಿನಲ್ಲಿ ಒಂದು ಹಳೆಯ ಮನೆಯಿದೆ. ಅಣ್ಣ ಒಂದು ಊರಿನಲ್ಲಿ, ತಮ್ಮ ಇನ್ನೊಂದು ಊರಿನಲ್ಲಿ, ಮನೆಗೆ ಬೀಗ. ಇಂದಲ್ಲ ನಾಳೆ ಅದನ್ನು ಮಾರುವ ಮಾತು ಬಂದೇ ಬರುತ್ತದೆ. ಆದುದರಿಂದ ಈ ವಿಷಯ ನಮಗೆ ಪರಕೀಯವಲ್ಲ.

ಬೆಂಗಳೂರಿನಿಂದ ದಿಲ್ಲಿಗೆ ಓಡುವ ಕರ್ನಾಟಕ ಎಕ್ಸ್‌ಪ್ರೆಸ್ ಗಾಡಿ ದೌಂಡ್ ದಾಟಿ ಮನ್ಮಾಡಿನತ್ತ ಸಾಗುವಾಗ ದಾರಿಯಲ್ಲಿ ಯೇವಲಾ ಬರುತ್ತದೆ. ನಾಸಿಕ ಜಿಲ್ಲೆಯ ಊರು. ತಾತ್ಯಾ ಟೋಪೆ ಹುಟ್ಟಿದ್ದು ಅಲ್ಲಿ. 1935ರ ಅಕ್ಟೋಬರ್ 13ರಂದು ಡಾ. ಅಂಬೇಡ್ಕರರು ಧರ್ಮಾಂತರದ ನಿರ್ಧಾರವನ್ನು ಸಾರಿದ್ದೂ ಅಲ್ಲಿಯೇ. ಪೈಠಣಿ ಸೀರೆಗೆ ಹೆಸರಾದ ಈ ಊರಿನಲ್ಲಿ ಮಗ್ಗವಿರುವುದು ಮನೆಯೊಳಗೇ. ನೇಕಾರನಿಗೆ ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ, ಕಸುಬಿನ ಜಾಗವೂ ಹೌದು. ಇಳಕಲ್ಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಹಾರಾಷ್ಟ್ರದ ಇಂಥ ಹಳೆಯ ಪೇಟೆಯೂರುಗಳ ಮನೆಗೆ ವಾಡಾ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದವರು ದೇಸಾಯರ ಮನೆಯನ್ನು ವಾಡೆ ಎನ್ನುವುದಿಲ್ಲವೆ, ಅದೇ ಮಾತು. ಬೀದಿಗೆ ದಪ್ಪ ಬಾಗಿಲು, ಒಳಗೆ ಬಯಲು ಚೌಕ, ಸುತ್ತ ಪಡಸಾಲೆ, ಮೇಲೆ ಮಾಳಿಗೆ. ಇದರ ಗುಟ್ಟು ಮರದ ಚೌಕಟ್ಟಿನಲ್ಲಿದೆ. ಕಂಬ, ತೊಲೆ, ಜಂತೆಗಳು ಭಾರ ಹೊರುತ್ತವೆ. ನಡುವಿನ ಇಟ್ಟಿಗೆ ಅಥವಾ ಮಣ್ಣಿನ ಗೋಡೆ ಬಹುಮಟ್ಟಿಗೆ ಮರೆ ಮಾತ್ರ. ಗೋಡೆ ಕುಸಿದರೂ ಮನೆ ನಿಂತೀತು; ಕಂಬದ ಬುಡ ಕೊಳೆತರೆ ನಿಲ್ಲದು.

ಇಂಥ ಮನೆ ಮಾರಾಟಕ್ಕೆ ಬಂದಾಗ ಏನಾಗುತ್ತದೆ? ಬಂದವನು ನಿವೇಶನದ ಅಳತೆ ಕೇಳುತ್ತಾನೆ, ತೇಗದ ತೊಲೆಗಳನ್ನು ಎಣಿಸುತ್ತಾನೆ. ಮನೆಯ ಬೆಲೆಯನ್ನು ಮಾತ್ರ ಕೇಳುವುದಿಲ್ಲ, ಏಕೆಂದರೆ ಅವನ ಲೆಕ್ಕದಲ್ಲಿ ಮನೆಯೇ ಇಲ್ಲ. ಸೋರುವ ಮಾಳಿಗೆ, ಜೇಡ ಕಟ್ಟಿದ ಪಡಸಾಲೆ ಕಂಡವನಿಗೆ ಅದರಲ್ಲಿ ವಾಸಿಸುವ ಆಸೆ ಹುಟ್ಟುವುದಾದರೂ ಹೇಗೆ? ನನ್ನ ಮಾತಿನ ಸಾರವಿಷ್ಟೆ: ದುರಸ್ತಾದ ಮನೆ ಮನೆಯೆಂದು ಮಾರಾಟವಾಗುತ್ತದೆ, ಪಾಳುಬಿದ್ದ ಮನೆ ಮಣ್ಣು–ಮರವೆಂದು ಮಾರಾಟವಾಗುತ್ತದೆ.

ಅಮೆರಿಕದ ಒಂದು ಉದಾಹರಣೆ ಕೇಳಿ. ಅಲ್ಲಿ ಗುಸ್ತಾವ್ ಸ್ಟಿಕ್ಲಿ ಎಂಬ ಪೀಠೋಪಕರಣ ತಯಾರಕ 1901ರಿಂದ 1916ರ ವರೆಗೆ 'ದಿ ಕ್ರಾಫ್ಟ್ಸ್‌ಮನ್' ಎಂಬ ಮಾಸಿಕ ನಡೆಸಿದ. ಯಂತ್ರದ ಆಡಂಬರ ಬೇಡ, ಮರ ಮರವಾಗಿ ಕಾಣಲಿ, ಮಾಡು ತಗ್ಗಾಗಿರಲಿ, ಮುಂದೆ ವಿಶಾಲವಾದ ಜಗಲಿಯಿರಲಿ ಎಂಬುದು ಅವನ ಬೋಧೆ. ಅದೇ ಹೆಸರಿನ ಮನೆಗಳು ಸಣ್ಣಪುಟ್ಟ ಪಟ್ಟಣಗಳಲ್ಲೆಲ್ಲ ಎದ್ದವು. ಅವುಗಳಲ್ಲಿ ಹಲವನ್ನು ಬಂಗಲೆ ಎನ್ನುತ್ತಾರೆ. ಆ ಹೆಸರು ಹೋದದ್ದು ನಮ್ಮ ಬಂಗಾಳದಿಂದ! ಇಂದು ಇಂಥ ಮನೆಯನ್ನು ಹಳೆಯ ರೀತಿಯಲ್ಲೇ ದುರಸ್ತಿಮಾಡಿ, ಆ ಹಳಮೆಯನ್ನೇ ಗುಣವೆಂದು ಹೇಳಿ ಮಾರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1972ರ ಮಿಲ್ಸ್ ಕಾಯಿದೆಯ ಮೇರೆಗೆ, ಗುರುತಿಸಲ್ಪಟ್ಟ ಹಳೆಯ ಕಟ್ಟಡವನ್ನು ಕಾಪಾಡುವೆನೆಂದು ಒಡೆಯನು ನಗರಸಭೆಯೊಡನೆ ಕರಾರು ಬರೆದುಕೊಟ್ಟರೆ ಆಸ್ತಿತೆರಿಗೆ ಕಡಿಮೆಯಾಗುತ್ತದೆ. ಮನೆ ಕೈ ಬದಲಾಯಿಸಿದರೆ ಕರಾರು ಹೊಸ ಒಡೆಯನನ್ನೂ ಕಟ್ಟುತ್ತದೆ. ಬರಿಯ ಉಪದೇಶದಿಂದ ಮನೆ ಉಳಿಯದು. ಉಳಿಸಿದವನ ಖರ್ಚೂ ಸ್ವಲ್ಪ ಇಳಿಯಬೇಕು.

ನಮ್ಮಲ್ಲಿ ಏನೂ ನಡೆದಿಲ್ಲವೆಂದಲ್ಲ. ಮಣಿಪಾಲದ ವಿಜಯನಾಥ ಶೆಣೈಯವರು ಬ್ಯಾಂಕಿನ ನೌಕರಿಯಲ್ಲಿದ್ದವರು. ಕೆಡವಲು ಹೊರಟ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿಸಿ ತಂದು, ಹಸ್ತಶಿಲ್ಪ ಎಂಬ ಹೆಸರಿನಲ್ಲಿ ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು; ಮನೆಗಳು ನಿಂತಿವೆ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರು ಕಟ್ಟಿಸಿದ ಮನೆಯನ್ನು 2011ರಲ್ಲಿ ಕೆಡವತೊಡಗಿದ್ದರು. ಜನ ಕೂಗೆಬ್ಬಿಸಿದರು, ನಗರಪಾಲಿಕೆ ಕೊಂಡು ದುರಸ್ತಿಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇವೆರಡೂ ಮೆಚ್ಚತಕ್ಕ ಕೆಲಸಗಳೇ. ಆದರೆ ಎಲ್ಲರ ಮನೆಗೂ ಶೆಣೈಯವರು ಬರಲಾರರು. ಎಲ್ಲರ ತಂದೆಯೂ ನಾರಾಯಣರಲ್ಲ. ಹೆಸರಿಲ್ಲದ ಸಾವಿರಾರು ಮನೆಗಳಿಗೆ ವಸ್ತುಸಂಗ್ರಹಾಲಯ ಗತಿಯಲ್ಲ, ಒಲೆ ಹೊತ್ತಿಸುವ ಸಂಸಾರವೇ ಗತಿ. ಅಂಥ ಸಂಸಾರವನ್ನು ಹುಡುಕಿ ಮಾರುವುದು ಪಿತೃದ್ರೋಹವೆಂದು ನಾನು ಹೇಳಲಾರೆ. ಬೀಗ ಹಾಕಿ ಗೆದ್ದಲಿಗೆ ಒಪ್ಪಿಸುವುದಕ್ಕಿಂತ ಅದು ಎಷ್ಟೋ ಮೇಲು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ಕಾಗದಪತ್ರ. 2005ರ ತಿದ್ದುಪಡಿಯ ತರುವಾಯ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಅಕ್ಕತಂಗಿಯರನ್ನು ಬಿಟ್ಟು ಕ್ರಯಪತ್ರಕ್ಕೆ ಹೊರಟರೆ ವಾಸಕ್ಕೆ ಬರುವ ಸಜ್ಜನ ಹಿಂಜರಿಯುತ್ತಾನೆ, ವ್ಯಾಜ್ಯಕ್ಕೆ ಅಂಜದ ದಲ್ಲಾಳಿ ಮಾತ್ರ ಉಳಿಯುತ್ತಾನೆ. ಎರಡನೆಯದು, ನೀರು. ಮಳೆಗಾಲಕ್ಕೆ ಮೊದಲು ಮಾಳಿಗೆಯ ಸೋರಿಕೆ ನಿಲ್ಲಿಸಿ, ಚೌಕದ ನೀರು ಹರಿದುಹೋಗುವಂತೆ ಮಾಡಿ, ಕಂಬಗಳ ಬುಡವನ್ನು ತಟ್ಟಿ ನೋಡಿಸಬೇಕು. ಮೂರನೆಯದು, ಸಿಮೆಂಟು. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಬಳಿದರೆ ನೋಟಕ್ಕೆ ಗಟ್ಟಿ. ಆದರೆ ಒಳಗಿನ ತೇವ ಹೊರಬರಲಾರದೆ ಗೋಡೆಯೂ ಅದರೊಳಗಿನ ಮರವೂ ಕೆಡುತ್ತವೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ನಾಲ್ಕನೆಯದು, ಸೌಕರ್ಯ. ಪಾಯಿಖಾನೆ, ನಲ್ಲಿ, ವಿದ್ಯುತ್ತಿನ ತಂತಿ ಇವೆಲ್ಲ ಈ ಕಾಲಕ್ಕೆ ತಕ್ಕಂತಿರಲಿ. ಅಜ್ಜನ ಕಂಬವನ್ನು ಗೌರವಿಸಲು ಸೊಸೆಯಂದಿರು ಕಷ್ಟಪಡಬೇಕೆಂಬ ನಿಯಮವೇನೂ ಇಲ್ಲ.

ದುರಸ್ತಿಗೆ ಹಣವೆಲ್ಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲರ ಕೈಯಲ್ಲೂ ಆಗದು. ಆದರೆ ಪೂರ್ತಿ ಜೀರ್ಣೋದ್ಧಾರ ಬೇರೆ, ಮಾಳಿಗೆ ಸೋರದಂತೆ ನೋಡಿಕೊಳ್ಳುವುದು ಬೇರೆ. ಎರಡನೆಯದನ್ನು ನಾಲ್ವರು ಅಣ್ಣತಮ್ಮಂದಿರು, ಅಕ್ಕತಂಗಿಯರು ವರ್ಷಕ್ಕೊಮ್ಮೆ ಕೂಡಿಸಿ ಹಾಕಿದರೆ ಸಾಗುತ್ತದೆ. ಅಷ್ಟು ನಡೆದರೆ ಮನೆಯನ್ನು ಮನೆಯಾಗಿ ನೋಡುವ ಗಿರಾಕಿ ಬರುವ ತನಕ ಅದು ನಿಂತಿರುತ್ತದೆ.

ಕೊನೆಗೊಂದು ಬಿನ್ನಹ. ನಮ್ಮ ವಾಚನಾಲಯದ ಹಲಗೆಯ ಮೇಲೆ ಬಾಡಿಗೆ ಮನೆಯ ಚೀಟಿ, ವಧೂವರರ ಚೀಟಿ ಅಂಟಿಸುತ್ತೇವೆ. ಊರಿನ ಹಳೆಯ ಮನೆ ಮಾರುವುದಿದ್ದರೆ ಅದರ ಚೀಟಿಯೂ ಅಲ್ಲಿ ಬರಲಿ; ಒಂದು ಚಿತ್ರ, ಕೋಣೆಗಳ ವಿವರ, ಕಟ್ಟಿದ ಕಾಲ, ಆದ ದುರಸ್ತಿ ಇಷ್ಟು ಬರೆದಿರಲಿ. ಕೆಲಸದಿಂದ ನಿವೃತ್ತರಾಗಿ ಊರಿಗೆ ಹಿಂತಿರುಗುವ ಮನಸ್ಸುಳ್ಳವರು ನಮ್ಮಲ್ಲೇ ಇದ್ದಾರೆ. ದಲ್ಲಾಳಿಯ ಕಿವಿಗೆ ಬೀಳುವ ಮೊದಲು ಅವರ ಕಣ್ಣಿಗೆ ಬಿದ್ದರೆ ಒಂದು ಮನೆಯಾದರೂ ಉಳಿದೀತು.